ಅಕ್ಷರ ಆಮೇಲೆ, ಆಟದ ಲೆಕ್ಕ ಮೊದಲು

ಮಗುವನ್ನು ಸೇರಿಸಿದ ವಾರದಲ್ಲೇ ತಾಯಂದಿರು ಕೇಳುತ್ತಾರೆ: "ಟೀಚರ್, ಎಬಿಸಿಡಿ ಯಾವಾಗಿಂದ ಬರೆಸ್ತೀರಿ?" ತೀರ್ಥಹಳ್ಳಿ ಕಡೆಯ ನಮ್ಮ ಅಂಗನವಾಡಿಗೆ ಬರುವುದು ಹೆಚ್ಚಾಗಿ ಅಡಿಕೆ ತೋಟದ ಕೂಲಿ ಮನೆಗಳ ಮಕ್ಕಳು. ಬರೆಸುವುದನ್ನು ನಾವು ಬೇಕೆಂದೇ ಹಿಂದಕ್ಕೆ ಹಾಕಿದ್ದೇವೆ.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ಪೆರಿ ಪ್ರಿಸ್ಕೂಲ್ ಎಂಬ ಶಿಶುಶಾಲೆಯ ಪ್ರಯೋಗ ನಡೆಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಮಾತ್ರ ಈ ಶಾಲೆ ಸಿಕ್ಕಿತು. 40 ವರ್ಷ ತುಂಬುವಷ್ಟರಲ್ಲಿ ಐದು ಅಥವಾ ಹೆಚ್ಚು ಸಲ ಪೊಲೀಸರ ಕೈಗೆ ಸಿಕ್ಕವರು ಅವರಲ್ಲಿ ಶೇ. 36, ಶಾಲೆ ಸಿಗದವರಲ್ಲಿ ಶೇ. 55. ಬುದ್ಧಿಮಟ್ಟ ಅಳೆಯುವ ಐಕ್ಯೂ ಅಂಕದ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತ್ತು. ಅಪರಾಧ ತಗ್ಗಿದ್ದಕ್ಕೆ ಮುಖ್ಯ ಕಾರಣ ತಿದ್ದಿದ ನಡವಳಿಕೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ತಂಡ ತೋರಿಸಿತು. ಸಣ್ಣ ಅಧ್ಯಯನ, ಬೇರೆ ದೇಶ, ಸರಿ. ಎಬಿಸಿಡಿಗೆ ಆತುರ ಬೇಡ ಅನ್ನಲು ನಮಗೆ ಅಷ್ಟು ಸಾಕು.

ಅಲ್ಲಿನ ಪದ್ಧತಿಯನ್ನೇ ನಮಗೆ ಒಗ್ಗುವಂತೆ ಇಳಿಸಿಕೊಂಡಿದ್ದೇವೆ. ಬೆಳಿಗ್ಗೆ ಹತ್ತು ನಿಮಿಷ ಪ್ರತಿ ಮಗುವೂ ಏನು ಆಡುತ್ತೇನೆಂದು ಹೇಳಬೇಕು. ಮುಕ್ಕಾಲು ಗಂಟೆ ಆಟ. ಕರಟ, ಹುಣಸೆ ಬೀಜ, ಅಡಿಕೆ ಹಾಳೆ, ಮಣ್ಣು ಇದ್ದರೆ ಆಯಿತು. ಮುಗಿದ ಮೇಲೆ ಹೇಳಿದ್ದೇನು, ಮಾಡಿದ್ದೇನು ಎಂಬ ಮಾತು. ಕೆಡುವುದು ಈ ಕೊನೆಯ ಹಂತದಲ್ಲೇ. "ಹೇಳಿದ್ದು ಯಾಕೆ ಮಾಡ್ಲಿಲ್ಲ?" ಎಂದು ಗದರಿದರೆ ಮಗು ಮರುದಿನದಿಂದ ಪಕ್ಕದವನ ಉತ್ತರವನ್ನೇ ಒಪ್ಪಿಸುತ್ತದೆ. "ಮತ್ತೆ ಏನಾಯ್ತು?" ಅಂದರೆ ಬಾಯಿ ಬಿಡುತ್ತದೆ. ಆರೇಳು ಮಕ್ಕಳಿಗಿಂತ ದೊಡ್ಡ ಗುಂಪಾದರೆ ಮಾತಾಡುವವರು ಅದೇ ಮೂವರು. ಅದಕ್ಕೆ ಸಹಾಯಕಿಗೂ ಒಂದು ಗುಂಪು ಕೊಡಬೇಕು, ಅಡುಗೆಯ ಹೊತ್ತು ತಪ್ಪಿಸಿ.

ಜಗಳಕ್ಕೆ ಪೆಟ್ಟಿಲ್ಲ. ಅಡಿಕೆ ಹಾಳೆ ಕಿತ್ತುಕೊಂಡವನೂ ಕಳಕೊಂಡವನೂ ತನಗೇನು ಬೇಕಿತ್ತೆಂದು ಒಂದೊಂದು ವಾಕ್ಯ ಹೇಳಬೇಕು. ಹಾಳೆ ಅಲ್ಲಿವರೆಗೆ ಟೀಚರ್ ಕೈಯಲ್ಲಿ. ಶುರುವಿನಲ್ಲಿ ಅಳುವೇ ಜಾಸ್ತಿ.

ಪೆರಿಯಲ್ಲಿ ಟೀಚರ್ ವಾರಕ್ಕೊಮ್ಮೆ ಒಂದೂವರೆ ಗಂಟೆ ಮನೆಗೆ ಹೋಗುತ್ತಿದ್ದರು. ಅಡಿಕೆ ಕೊನೆ ಕೊಯ್ಯುವ ಕಾಲದಲ್ಲಿ ನಮ್ಮಲ್ಲಿ ಮನೆಗೆ ಹೋದರೆ ಬೀಗ. ಅಡಿಕೆ ಸುಲಿಯುವ ಚಪ್ಪರಕ್ಕೇ ಹೋಗಬೇಕು, ಸಂಜೆ. ತಾಯಿ ಮೆಟ್ಟುಗತ್ತಿ ಮೇಲೆ ಕೂತಿರುತ್ತಾಳೆ, ಕೈ ನಿಲ್ಲುವುದಿಲ್ಲ. ಮಾತಿಗೆ ಅಡ್ಡಿಯೂ ಇಲ್ಲ. ಪುಸ್ತಕ, ಚಾರ್ಟು ಒಯ್ದರೆ ಆಕೆ ಮುದುಡುತ್ತಾಳೆ. ಸುಲಿದ ಅಡಿಕೆಯನ್ನು ಮಗುವಿನಿಂದ ಎಣಿಸಿ ಬುಟ್ಟಿಗೆ ಹಾಕಿಸಿ, ಕತ್ತಿಯಿಂದ ದೂರ ಕೂರಿಸಿ, "ಇವತ್ತು ಏನು ಆಡಿದೆ?" ಎಂದು ಅವಳಿಂದಲೇ ಕೇಳಿಸಿದರೆ ಆ ದಿನದ ಭೇಟಿ ಮುಗಿಯಿತು.