ಡ್ರಿಲ್ ಮುಟ್ಟದೆ ಬಚ್ಚಲಿಗೆ ಶೆಲ್ಫ್ ಕೂರಿಸಿದ್ದು: ನನ್ನ ಅನುಭವ

"ಅಂಟಿಸಿದ್ದು ಬಚ್ಚಲಲ್ಲಿ ನಿಲ್ಲಲ್ಲ ಗುರು, ಒಂದು ಮಳೆಗಾಲ ಕಾದು ನೋಡು" ಎಂದವರೇ ಹೆಚ್ಚು. ಈಗ ಮೂರು ಮಳೆಗಾಲ ಕಳೆದಿವೆ. ಬೆಂಗಳೂರಿನ ಬಾಡಿಗೆ ಫ್ಲ್ಯಾಟುಗಳಲ್ಲಿ ಹೆಚ್ಚುಕಡಿಮೆ 40 ಬಚ್ಚಲಿಗೆ ಶೆಲ್ಫ್, ಟವೆಲ್ ರಾಡ್, ಸೋಪ್ ಡಿಶ್ ಹೀಗೇ ಕೂರಿಸಿದ್ದೇನೆ. ಮೊದಲ ವರ್ಷದ ಪ್ರಯೋಗಗಳನ್ನು ಬಿಟ್ಟರೆ, ನೆನಪಿರುವಂತೆ ಬಿದ್ದದ್ದು ಎರಡು, ಎರಡೂ ಒಂದೇ ಕಾರಣಕ್ಕೆ.

ಡ್ರಿಲ್ ಯಾಕೆ ಬೇಡ ಎಂದು ಈ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಟೈಲ್ ಸೀಳಿದರೆ ಅದೇ ಡಿಸೈನ್ ಮತ್ತೆ ಸಿಗುವುದಿಲ್ಲ. ಗೋಡೆಯೊಳಗಿನ ಸಿಪಿವಿಸಿ (ಪ್ಲಾಸ್ಟಿಕ್) ನೀರಿನ ಪೈಪಿಗೆ ಬಿಟ್ ತಾಗಿದರೆ ಕೆಳಮನೆಯ ಸೀಲಿಂಗೂ ಒದ್ದೆ. ಮನೆ ಬಿಡುವಾಗ ಓನರ್ ತೂತು ಎಣಿಸಿ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ.

ಮೊದಲ ವರ್ಷ ದುಡ್ಡು ಕಳೆದದ್ದೇ ಬಂತು. ಬಿದ್ದ ಸಾಮಾನು, ಮತ್ತೆ ಮತ್ತೆ ಹೋಗಿಬಂದ ಪೆಟ್ರೋಲು ಸೇರಿ ಐದಾರು ಸಾವಿರ ಹೋಗಿರಬೇಕು. ಗೋಡೆಗೆ ಒತ್ತಿ ಕೂರಿಸುವ ರಬ್ಬರ್ ವ್ಯಾಕ್ಯೂಮ್ ಕಪ್ ಹೊಸದರಲ್ಲಿ ಗಟ್ಟಿಯಾಗಿ ಹಿಡಿಯಿತು, ಬಿಸಿನೀರಿನ ಹಬೆಗೆ ರಬ್ಬರ್ ಸಡಿಲವಾಗಿ ಎರಡು ಮೂರು ವಾರಕ್ಕೆ ಕಳಚಿತು. ಬಿಳಿ ಸ್ಪಂಜಿನ ಡಬಲ್ ಟೇಪು ನೀರು ಕುಡಿದು ನಡುವೆಯೇ ಸೀಳಿತು: ಅರ್ಧ ಗೋಡೆಯಲ್ಲಿ, ಅರ್ಧ ಶೆಲ್ಫಿನಲ್ಲಿ. ಕ್ವಿಕ್ ಗಮ್ ಹಾಕಿದ್ದು ಬಾಟಲಿಯ ಒಂದು ಏಟಿಗೆ ಗಾಜಿನಂತೆ ಚಟ್ಟೆಂದು ಬಿಟ್ಟಿತು. ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು, ಎಪಾಕ್ಸಿ ಪುಟ್ಟಿ ನಿಂತಿತು, ನಿಜ. ಆದರೆ ಬಿಡಿಸುವಾಗ ಟೈಲಿನ ಹೊಳಪನ್ನೂ ಕಿತ್ತುಕೊಂಡು ಬಂತು. ಆ ಟೈಲಿನ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಹೆಚ್ಚು ಕಲಿಸಿದ್ದು ಸಿಲಿಕೋನ್, ಟ್ಯೂಬಿನಲ್ಲಿ ಬಂದು ರಬ್ಬರಿನಂತೆ ಗಟ್ಟಿಯಾಗುವ ಅಂಟು. ಶೆಲ್ಫನ್ನು ಹೊರಲು ಗೋಡೆಗೆ ಅಂಟಿಸುವ ಚಪ್ಪಟೆ ಸ್ಟೀಲ್ ತಟ್ಟೆಯ ಹಿಂದೆ ಧಾರಾಳವಾಗಿ ಮೆತ್ತಿ, ಒತ್ತಿ, ಹತ್ತು ದಿನ ಬಿಟ್ಟೆ. ಸಾಮಾನು ಇಟ್ಟ ಮೂರನೇ ದಿನಕ್ಕೆ ಜಾರಿತು. ತೆಗೆದು ನೋಡಿದರೆ ಅಂಚಿನ ಸುತ್ತ ಐದಾರು ಮಿಲಿಮೀಟರ್ ಮಾತ್ರ ರಬ್ಬರಾಗಿದೆ, ನಡುವೆ ಇನ್ನೂ ಟ್ಯೂಬಿನಿಂದ ಈಗಷ್ಟೇ ಬಂದ ಪೇಸ್ಟು! ಸಿಲಿಕೋನ್ ಗಟ್ಟಿಯಾಗಲು ಗಾಳಿಯ ತೇವ ತಾಗಬೇಕು. ಒಂದು ಕಡೆ ಸ್ಟೀಲ್ ತಟ್ಟೆ, ಇನ್ನೊಂದು ಕಡೆ ಟೈಲು ಇದ್ದರೆ ನಡುವಿಗೆ ಗಾಳಿ ಎಲ್ಲಿಂದ ಬರಬೇಕು? ಅಂದಿನಿಂದ ಮೆತ್ತುವುದನ್ನು ಬಿಟ್ಟೆ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಎಳೆ ಎಳೆಯಾಗಿ, ಎಳೆಗಳ ನಡುವೆ ಗಾಳಿಗೆ ದಾರಿ ಬಿಟ್ಟು ಹಾಕುತ್ತೇನೆ. ಅಡ್ಡ ಎಳೆ ಹಾಕಿದರೆ ನೀರು ಅದರ ಮೇಲೆಯೇ ನಿಲ್ಲುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಲೋಹವನ್ನು ತಿನ್ನುತ್ತದೆ, ಕನ್ನಡಿಯ ಹಿಂಬದಿಯನ್ನೂ ಕೆಡಿಸುತ್ತದೆ. ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದಿರಲೇಬೇಕು.

ಸಿಲಿಕೋನ್ ಒಣಗುವ ತನಕ ತಟ್ಟೆ ಜಾರದಂತೆ ಹಿಡಿಯಲು ಎರಡೂ ಪಕ್ಕದಲ್ಲಿ ಎರಡೂ ಬದಿ ಅಂಟುವ ಅಕ್ರಿಲಿಕ್ ಫೋಮ್ ಟೇಪಿನ ಪಟ್ಟಿ (ಆ ಬಿಳಿ ಸ್ಪಂಜಿನದ್ದಲ್ಲ), ಸುಮಾರು 1 ಮಿಲಿಮೀಟರ್ ದಪ್ಪದ್ದು. ಟೇಪು ಮೊದಲ ದಿನಗಳಿಗೆ, ಸಿಲಿಕೋನ್ ವರ್ಷಗಳಿಗೆ. ಎರಡರ ಎತ್ತರ ಹೊಂದಿಸುವುದರಲ್ಲೊಂದು ಕೈಚಳಕವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನಾಲ್ಕು ತಟ್ಟೆ ಕೂರಿಸಿದರೆ ನಿಮಗೇ ಸಿಗುತ್ತದೆ.

ಆದರೆ ನನ್ನ ಅರ್ಧ ಹೊತ್ತು ಹೋಗುವುದು ಟೈಲ್ ತೊಳೆಯುವುದಕ್ಕೇ. ಬೋರ್‌ವೆಲ್ ನೀರಿನ ಮನೆಯಲ್ಲಿ ಟೈಲಿನ ಮೇಲೆ ಉಪ್ಪಿನ ಪೊರೆ ಇರುತ್ತದೆ. ಅದರ ಮೇಲೆ ಏನೇ ಅಂಟಿಸಿದರೂ ಅಂಟಿದ್ದು ಉಪ್ಪಿಗೆ, ಟೈಲಿಗಲ್ಲ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ, ಟಿಶ್ಯೂ ಅದ್ದಿ ಟೈಲಿಗೆ ಹತ್ತು ನಿಮಿಷ ಅಂಟಿಸಿಡಿ. ಟೈಲುಗಳ ಸಂದಿಗೆ ತುಂಬಿದ ಗ್ರೌಟಿನ ಮೇಲೆ ಬಹಳ ಹೊತ್ತು ಬಿಟ್ಟರೆ ಸಿಮೆಂಟು ಕರಗುತ್ತದೆ. ಮಾರ್ಬಲ್ ಗೋಡೆಗೆ ಇದು ಸಲ್ಲದು, ಹೊಳಪು ಹೋಗುತ್ತದೆ. ಬ್ಲೀಚ್ ಹಾಕಿ ತೊಳೆದ ಬಚ್ಚಲಾದರೆ ಮೊದಲು ಪೂರ್ತಿ ನೀರು ಹೊಡೆಯಿರಿ, ಬ್ಲೀಚೂ ನಿಂಬೆ ಉಪ್ಪೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಎಣ್ಣೆಸ್ನಾನದ ಮನೆಯಾದರೆ ಜಿಡ್ಡು ಬೇರೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಎರಡು ಸಲ ಉಜ್ಜಬೇಕು.

ಶುದ್ಧವಾಯಿತೋ ಇಲ್ಲವೋ ನೀರೇ ಹೇಳುತ್ತದೆ. ಅಂಗೈಯಿಂದ ಟೈಲಿಗೆ ನೀರು ಎರಚಿ ನೋಡಿ. ನೀರು ಹಾಳೆಯಂತೆ ಹರಡಿ ನಿಧಾನವಾಗಿ ಇಳಿದರೆ ಸರಿ. ಮುತ್ತಿನಂತೆ ಹನಿಗಟ್ಟಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಉಜ್ಜಿ.

ಆಮೇಲೆ ಒಂದು ರಾತ್ರಿ ಫ್ಯಾನ್ ಹಾಕಿ ಒಣಗಿಸುವುದು. ಟೈಲ್ ಬೇಗ ಒಣಗುತ್ತದೆ, ಗ್ರೌಟು ಒಣಗುವುದಿಲ್ಲ, ಒಳಗೆ ನೀರು ಹಿಡಿದಿರುತ್ತದೆ. ಅದಕ್ಕೇ ತಟ್ಟೆ ಯಾವತ್ತೂ ಒಂದೇ ಟೈಲಿನೊಳಗೆ ಇರಬೇಕು, ಗ್ರೌಟಿನಿಂದ ಎರಡು ಬೆರಳು ದೂರ. ಬೆಳಿಗ್ಗೆ ಹೊರಗಿನ ಪ್ಲಗ್ಗಿನಿಂದ ಹೇರ್ ಡ್ರೈಯರ್ ಎಳೆದು ಐದು ನಿಮಿಷ ಕಾಯಿಸಿ, ಗೋಡೆ ಆರಿದ ಮೇಲೆ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುವುದು. ಈ ಸ್ಪಿರಿಟ್ಟಿನ ಬಾಟಲಿ ತೆರೆದ ಮೇಲೆ ಡ್ರೈಯರ್ ಮುಟ್ಟಲೇಬಾರದು, ಬೆಂಕಿ ಹತ್ತುತ್ತದೆ.

ಅಂಟಿಸಿ ಒಂದು ನಿಮಿಷ ಅಂಗೈಯಿಂದ ಬಲವಾಗಿ ಒತ್ತಿ, ತಟ್ಟೆಯನ್ನು ಬರಿದಾಗಿ ಮೂರು ದಿನ ಬಿಡಿ. ಬಿದ್ದ ಎರಡೂ ಕೇಸಿನಲ್ಲಿ ಅಂಟಿಸಿದ ರಾತ್ರಿಯೇ ಸ್ನಾನ ಮಾಡಿ ಒದ್ದೆ ಟವೆಲ್ ನೇತುಹಾಕಿದ್ದರು. ಈಗ ಒಂದೇ ಬಚ್ಚಲಿರುವ ಮನೆಗೆ ಅವರು ಊರಿಗೆ ಹೊರಡುವ ದಿನವೇ ಹೋಗುತ್ತೇನೆ. ದಸರಾ, ಯುಗಾದಿ ರಜೆಯಲ್ಲಿ ನನಗೆ ಕೆಲಸ ಜಾಸ್ತಿ.

ಭಾರದ ಲೆಕ್ಕವೂ ಇದೆ. ಶಾಂಪೂ, ಬಾಡಿ ವಾಶ್, ಎಣ್ಣೆ ಬಾಟಲಿ ಎಲ್ಲ ಸೇರಿದರೆ ಸುಲಭವಾಗಿ 3 ಕೆಜಿ. ಶೆಲ್ಫ್ ನೇರ ಕೆಳಗೆ ಜಾರುವುದು ಅಪರೂಪ, ಮೇಲಂಚು ಗೋಡೆಯಿಂದ ಸುಲಿಯುತ್ತಾ ಬರುತ್ತದೆ. ತಟ್ಟೆಯ ಎತ್ತರ ಎರಡರಷ್ಟಾದರೆ ಮೇಲಂಚಿನ ಸೆಳೆತ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಶೆಲ್ಫಿನ ಜೊತೆ ಬರುವ ಚಿಕ್ಕ ಪ್ಲಾಸ್ಟಿಕ್ ಸ್ಟಿಕ್ಕರುಗಳನ್ನು ಬಿಸಾಕಿ, ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲಿನ ಪಟ್ಟಿಯನ್ನು 12 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಕೊಕ್ಕೆ ಬೆಸೆಸಿಕೊಳ್ಳುತ್ತೇನೆ. ಜೋಡಿಗೆ ಬೆಸುಗೆ ಸೇರಿ ನೂರಿಪ್ಪತ್ತು ರೂಪಾಯಿ ಬೀಳುತ್ತದೆ. ಟೇಪು, ಸಿಲಿಕೋನ್, ಸ್ಪಿರಿಟ್ ಎಲ್ಲ ಹಿಡಿದರೆ ಒಂದು ಬಚ್ಚಲಿಗೆ 350ರ ಆಸುಪಾಸು.

ನಡುವೆ ಬೇರೆ ಪ್ರಯೋಗಗಳೂ ಆದವು. ವ್ಯಾಕ್ಯೂಮ್ ಕಪ್ಪಿನ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಮೂರು ವಾರದ ಬದಲು ಮೂರು ತಿಂಗಳು ನಿಂತಿತು. ರೇಜರ್, ಬ್ರಷ್ಷಿನಂಥ ಹಗುರ ಸಾಮಾನಿಗೆ ಅಷ್ಟೇ ಸಾಕು. ಸೋಪಿಗೆ ಅಯಸ್ಕಾಂತದ ಹೋಲ್ಡರ್ ತುಂಬಾ ಒಳ್ಳೆಯದು, ಸೋಪು ಒಣಗಿಯೇ ಇರುತ್ತದೆ, ಗೋಡೆಗೆ ಭಾರವೂ ಇಲ್ಲ. ಪರದೆಗೆ ಗೋಡೆಯಿಂದ ಗೋಡೆಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡು ನಾಲ್ಕು ಅಡಿಯೊಳಗೆ ಚೆನ್ನಾಗಿದೆ, ಅದಕ್ಕಿಂತ ಉದ್ದವಾದರೆ ನಡು ಬಾಗುತ್ತದೆ. ಪೇಂಟಿನ ಗೋಡೆಗೆ ಮಾತ್ರ ಇದಾವುದೂ ಬೇಡ, ಟೇಪು ಬಿಡಿಸುವಾಗ ಪುಟ್ಟಿ ಸಮೇತ ಏಳುತ್ತದೆ. ಒರಟು ಮ್ಯಾಟ್ ಟೈಲಿಗೂ ನಾನು ಒಪ್ಪುವುದಿಲ್ಲ, ಬಾಗಿಲಿಗೆ ನೇತುಹಾಕುವ ಸ್ಟ್ಯಾಂಡ್ ತನ್ನಿ ಎನ್ನುತ್ತೇನೆ.

ಬಿಡಿಸುವುದಕ್ಕೆ ಒಂದು ತಟ್ಟೆಗೆ ಕಾಲು ಗಂಟೆ. ಡ್ರೈಯರಿನಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ತಟ್ಟೆಯ ಹಿಂದೆ ಮೇಲಿನಿಂದ ತೂರಿಸಿ, ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಇಳಿಸಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ದಾರ ಕೊಯ್ಯುತ್ತದೆ. ಉಳಿದ ಫೋಮನ್ನು ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಗಮ್ಮಿಗೆ ನೀಲಗಿರಿ ಎಣ್ಣೆ ಸವರಿ ಇಪ್ಪತ್ತು ನಿಮಿಷ ಬಿಡಿ. ಸಿಲಿಕೋನನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆದು, ಕೊನೆಯ ಪೊರೆಗೆ ಮಾತ್ರ ಸೋಪುನೀರು ಹಚ್ಚಿ ಬ್ಲೇಡನ್ನು ಮಲಗಿಸಿ ಓಡಿಸಿ. ಆ ಪೊರೆ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಅದರ ಮೇಲೆ ಟೇಪು ಹಿಡಿಯುವುದಿಲ್ಲ. ಮುಂದಿನ ಬಾಡಿಗೆಯವರಿಗೆ ಅಂಟಿಸುವಾಗ ನಾಲ್ಕು ಬೆರಳು ಪಕ್ಕಕ್ಕೆ ಸರಿದು ಅಂಟಿಸಿ.