ಕಷಾಯ ಬರೆಯುವ ಮೊದಲು ಕೈಚೀಲ ನೋಡುತ್ತೇನೆ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆಯಲ್ಲಿ ನನ್ನದು ಆಯುರ್ವೇದ ಕ್ಲಿನಿಕ್. ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಮಂಡಿ ನೋವು, ಕೆಮ್ಮು, ಹೊಟ್ಟೆ ಕಟ್ಟಿದೆ ಅಂತ ಬರುತ್ತಾರೆ. ಮಾತಾಡ್ತಾ ಹೋದರೆ ಸಕ್ಕರೆ ಕಾಯಿಲೆಗೇ ಬಂದು ನಿಲ್ಲುತ್ತದೆ. "ಇಂಗ್ಲಿಷ್ ಮಾತ್ರೆ ತಿಂದು ಸಾಕಾಯ್ತು ಡಾಕ್ಟ್ರೇ, ನಿಮ್ಮತ್ರ ಎಂತಾದ್ರೂ ನಾರುಬೇರು ಇದ್ರೆ ಕೊಡಿ" ಅನ್ನುವುದು ದಿನಾ ಕೇಳುವ ಮಾತು.

ನಾರುಬೇರು ಕೊಡುವುದೇ ನನ್ನ ಕಸುಬು. ಆದರೆ ವಯಸ್ಸಾದವರಿಗೆ ಮೊದಲ ದಿನವೇ ಕೊಡುವುದಿಲ್ಲ. ಮನೆಗೆ ಹೋಗಿ, ಕಪಾಟು, ಕಿಟಕಿ ಕಟ್ಟೆ, ದೇವರ ಗೂಡು, ದಿಂಬಿನಡಿ ಎಲ್ಲ ಹುಡುಕಿ, ಮದ್ದು ಅಂತ ಬಾಯಿಗೆ ಹಾಕುವುದು ಏನೇನಿದೆಯೋ ಅಷ್ಟನ್ನೂ ಕೈಚೀಲಕ್ಕೆ ತುಂಬಿ ತನ್ನಿ ಅನ್ನುತ್ತೇನೆ. ಕೆಲವರಿಗೆ ಇದು ಪೊಲೀಸ್ ತನಿಖೆಯಂತೆ ಕಾಣುತ್ತದೆ. ಪರವಾಗಿಲ್ಲ.

ಆ ಚೀಲ ಮೇಜಿನ ಮೇಲೆ ಸುರಿದಾಗ ಅರ್ಧ ಕಥೆ ಗೊತ್ತಾಗುತ್ತದೆ. ಮೆಟ್‌ಫಾರ್ಮಿನ್ ಇರುತ್ತದೆ, ಗ್ಲಿಮೆಪಿರೈಡ್ ಇರುತ್ತದೆ, ಎರಡೂ ಸಕ್ಕರೆ ಇಳಿಸುವ ಮಾತ್ರೆ. ಒಂದೇ ಔಷಧಿ ಎರಡು ಕಂಪನಿ ಹೆಸರಲ್ಲಿ ಇರುತ್ತದೆ. ಅಜ್ಜ ಎರಡನ್ನೂ ನುಂಗುತ್ತಿರುತ್ತಾರೆ. ಬಿಪಿ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ, ಸಂತೆಯಲ್ಲಿ ಕೊಂಡ ಹೆಸರಿಲ್ಲದ ಕಂದು ಪುಡಿ, ಬೆಂಗಳೂರಿಂದ ಮಗ ಕಳಿಸಿದ ಜ್ಯೂಸ್ ಬಾಟ್ಲಿ, ಜೊತೆಗೆ ಶಕ್ತಿಗೆ ಅಂತ ಒಂದು ಡಬ್ಬ ಚ್ಯವನಪ್ರಾಶ. ಲೇಹ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತದೆ. ಆಸವ, ಅರಿಷ್ಟಗಳಲ್ಲೂ ಬೆಲ್ಲ ಇದೆ. ಆಯುರ್ವೇದದ್ದು ಅಲ್ವಾ, ಏನಾಗಲ್ಲ ಅಂತ ಮಲಗುವ ಮುಂಚೆ ಎರಡು ಚಮಚ ತಿನ್ನುವವರಿದ್ದಾರೆ.

ಆ ಕಂದು ಪುಡಿಯ ಬಗ್ಗೆ ನನಗೆ ಯಾವಾಗಲೂ ಅನುಮಾನ. ಬರೀ ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳನ್ನೇ ಅರೆದು ಬೆರೆಸಿದ್ದು ಹಲವು ಕಡೆ ಲ್ಯಾಬಿನಲ್ಲಿ ಸಿಕ್ಕಿಬಿದ್ದಿದೆ. ತಿಂದ ಮೂರೇ ದಿನಕ್ಕೆ ಸಕ್ಕರೆ ಸರ್‍ರನೆ ಇಳಿಯಿತು ಅಂದರೆ ನಾನು ಖುಷಿಪಡುವುದಿಲ್ಲ. ಯಾವ ಬೇರೂ ಅಷ್ಟು ಅವಸರ ಮಾಡುವುದಿಲ್ಲ. ಲೇಬಲ್ ಇಲ್ಲ, ತಯಾರಿಕಾ ಲೈಸೆನ್ಸ್ ನಂಬರ್ ಇಲ್ಲ ಅಂದರೆ ಅದು ಮೊದಲು ಬಂದ್.

ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅವರಿಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಿಡುಕು, ಮಾತು ತೊದಲು, ಒಲೆ ಮುಂದೆ ಕೂತವರು ಅಲ್ಲೇ ಮಂಕಾಗಿಬಿಡುವುದು. ಮನೆಯವರು ಅರಳುಮರಳು ಅಂತ ತೀರ್ಮಾನಿಸಿದ್ದರು. ಚೀಲದಲ್ಲಿದ್ದದ್ದು ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್. ಬಾಯಿಬಿಡಿಸಿದ ಮೇಲೆ ಬಂದದ್ದು ಬೇರೆ: ಖಾಲಿ ಹೊಟ್ಟೆಗೆ ಒಂದು ಲೋಟ ಹಾಗಲಕಾಯಿ ರಸ, ಪಕ್ಕದ ಮನೆಯವರು ಕೊಟ್ಟ ಇನ್ಸುಲಿನ್ ಗಿಡದ ಎಲೆ ಎರಡು. ಜೊತೆಗೆ ಅನ್ನ ಜಾಸ್ತಿ ತಿಂದರೆ ಸಕ್ಕರೆ ಏರುತ್ತದೆ ಅಂತ ಬೆಳಗಿನ ತಿಂಡಿ ಅರ್ಧ ರೊಟ್ಟಿಗೆ ಇಳಿದಿತ್ತು. ಸೊಸೆಗೆ ಸಕ್ಕರೆ ನೋಡುವ ಮೀಟರ್ ಕೊಟ್ಟು, ಅದೇ ಹೊತ್ತಿಗೆ ನೋಡಮ್ಮಾ ಅಂದೆ. 58 ಬಂತು. 70ಕ್ಕಿಂತ ಕೆಳಗೆ ಹೋಗಲೇಬಾರದು. ಹಾಗಲ ರಸ ನಿಲ್ಲಿಸಿದೆವು, ತಿಂಡಿ ಸರಿ ಮಾಡಿದೆವು, ಅವರನ್ನು ನೋಡುತ್ತಿದ್ದ ವೈದ್ಯರಿಗೆ ಚೀಟಿ ಬರೆದೆ. ಅವರು ಗ್ಲಿಮೆಪಿರೈಡ್ ತಗ್ಗಿಸಿದರು. ಅರಳುಮರಳು ಹೋಯಿತು.

ವಯಸ್ಸಾದವರ ಸಕ್ಕರೆ ಸ್ವಲ್ಪ ಏರುವುದಕ್ಕಿಂತ ತಟ್ಟನೆ ಇಳಿಯುವುದೇ ನನಗೆ ಹೆದರಿಕೆ. ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಮೂತ್ರಪಿಂಡ ನಿಧಾನವಾಗಿರುತ್ತದೆ, ಮಾತ್ರೆ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎಟೆನೊಲಾಲ್‌ನಂಥ ಬಿಪಿ ಮಾತ್ರೆ ತಿನ್ನುವವರಲ್ಲಿ ಸಕ್ಕರೆ ಇಳಿದಾಗ ಎದೆ ಡವಗುಟ್ಟುವುದು, ಕೈ ನಡುಗುವುದು ಗೊತ್ತೇ ಆಗುವುದಿಲ್ಲ. ಹಾಗಾಗಿ ಗುರಿಯನ್ನೂ ಸ್ವಲ್ಪ ಸಡಿಲ ಇಟ್ಟುಕೊಳ್ಳುತ್ತೇನೆ. ಗಟ್ಟಿಮುಟ್ಟಾಗಿರುವ ಅಜ್ಜನಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7ರಿಂದ 7.5ರ ಆಸುಪಾಸಿಗೆ ಇದ್ದರೆ ಚೆನ್ನ. ನಾಲ್ಕಾರು ಕಾಯಿಲೆ ಇರುವವರಿಗೆ, ಮರೆವು ಶುರುವಾದವರಿಗೆ 8ರ ಒಳಗಿದ್ದರೆ ಸಾಕು. ಅವರಿಗೆ ಬೆಳಗಿನ ಖಾಲಿ ಹೊಟ್ಟೆಯದು 90ರಿಂದ 150ರೊಳಗೆ ಇದ್ದರೆ ನಾನು ಏನೂ ಹೊಸದು ಸೇರಿಸಲು ಹೋಗುವುದಿಲ್ಲ. ಕಷಾಯ ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸಿದರೆ ಬೇಜಾರಾಗುತ್ತಾರೆ, ಗೊತ್ತು. ಆದರೂ ಕಳಿಸುತ್ತೇನೆ.

ಸೇರಿಸುವುದೇ ಆದರೆ ಒಂದು ಸಲಕ್ಕೆ ಒಂದೇ. ಮೊದಲು ಒಂದು ವಾರ ಏನೂ ಬದಲಿಸದೆ ಬೆಳಿಗ್ಗೆಯ ಸಕ್ಕರೆ, ಊಟವಾಗಿ ಎರಡು ಗಂಟೆಯ ಸಕ್ಕರೆ ನೋಡಿ ಕ್ಯಾಲೆಂಡರಿನಲ್ಲೇ ಬರೆಯಿರಿ ಅನ್ನುತ್ತೇನೆ. ಆಮೇಲೆ ಮದ್ದು ಶುರು. ಮದ್ದು, ಊಟ, ನಡಿಗೆ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಇಳಿಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಮೀಟರಿನ ವಿಷಯದಲ್ಲಿ ಮಲೆನಾಡಿನದ್ದೇ ತಾಪತ್ರಯ ಕೆಲವಿವೆ. ಆಷಾಢದ ಥಂಡಿಗೆ ರಕ್ತ ಹಚ್ಚುವ ಸ್ಟ್ರಿಪ್ ಹಾಳಾಗುತ್ತದೆ. ಡಬ್ಬಿಯ ಮುಚ್ಚಳ ತೆಗೆದಿಟ್ಟು ಒಲೆ ಹತ್ತಿರ ಹೋದರೆ ಆಯ್ತು, ಆಮೇಲೆ ಬರುವ ಅಂಕಿ ನಂಬುವ ಹಾಗಿಲ್ಲ. ಬೆರಳು ಮರಗಟ್ಟಿದ್ದರೆ ರಕ್ತ ಬರುವುದಿಲ್ಲ, ಬಿಸಿನೀರಲ್ಲಿ ಕೈ ತೊಳೆಯಬೇಕು. ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಲಸಿನ ಕಾಲದಲ್ಲಿ ಒಬ್ಬರು ಗಾಬರಿಯಾಗಿ ಫೋನ್ ಮಾಡಿದರು, "340 ತೋರಿಸ್ತಾ ಇದೆ ಮಾರಾಯ್ರೇ!" ತೊಳೆ ಬಿಡಿಸಿದ ಕೈಯಲ್ಲೇ ಚುಚ್ಚಿಕೊಂಡಿದ್ದರು. ಸೋಪು ಹಾಕಿ ತೊಳೆದು, ಒರೆಸಿ, ಮತ್ತೆ ನೋಡಿದಾಗ 170ರ ಹತ್ತಿರ. ಬೆರಳಿಗೆ ಅಂಟಿದ ಹಣ್ಣಿನ ಸಕ್ಕರೆಯನ್ನೂ ಮೀಟರ್ ಲೆಕ್ಕ ಹಾಕಿತ್ತು. ಮೊದಲಿನ ಅಂಕಿ ನಂಬಿ ಒಂದು ಮಾತ್ರೆ ಜಾಸ್ತಿ ನುಂಗಿದ್ದರೆ ಕಷ್ಟವಿತ್ತು.

ಮದ್ದುಗಳಲ್ಲಿ ನಾನು ಜಾಸ್ತಿ ನೆಚ್ಚುವುದು ಅಡುಗೆಮನೆಯ ಮೆಂತ್ಯವನ್ನೇ. ಇದರಲ್ಲಿರುವ ಲೋಳೆಯಂಥ ನಾರು ಹೊಟ್ಟೆಯಲ್ಲಿ ಊಟವನ್ನು ನಿಧಾನ ಮಾಡುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಸೇರುತ್ತದೆ. ನಮ್ಮಲ್ಲಿ ಎಷ್ಟೋ ಜನ ರಾತ್ರಿ ನಾಲ್ಕು ಕಾಳು ನೆನೆಸಿ, ಬೆಳಿಗ್ಗೆ ನೀರು ಕುಡಿದು, ಕಾಳನ್ನು ಕೋಳಿಗೆ ಹಾಕುತ್ತಾರೆ. ಕೋಳಿಗೆ ಒಳ್ಳೆಯದೇ ಇರಬಹುದು. ನಾರು ಇರುವುದು ಕಾಳಿನಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರ ದಶಕದಲ್ಲಿ ಮಾಡಿದ ಅಧ್ಯಯನಗಳಲ್ಲಿ ದಿನಕ್ಕೆ 25 ಗ್ರಾಂ, ಒಂದರಲ್ಲಿ 100 ಗ್ರಾಂವರೆಗೂ ಮೆಂತ್ಯದ ಪುಡಿ ಕೊಟ್ಟಿದ್ದರು. ಅಷ್ಟನ್ನು ನಮ್ಮ ಅಜ್ಜಿಯರು ತಿಂದರೆ ಹೊಟ್ಟೆ ಉಬ್ಬರಿಸಿ ನನ್ನನ್ನೇ ಬೈಯುತ್ತಾರೆ. ಅರ್ಧ ಚಮಚದಿಂದ ಶುರು ಮಾಡಿಸಿ, ಹೊಟ್ಟೆ ಒಗ್ಗಿದ ಹಾಗೆ ಎರಡು ಚಮಚದವರೆಗೆ ಏರಿಸುತ್ತೇನೆ. ಹಲ್ಲಿಲ್ಲದವರಿಗೆ ನೆನೆಸಿ ಅರೆದು ಮಜ್ಜಿಗೆಗೆ ಕದಡಿ ಕೊಡುವುದು. ಕಹಿ ಅಂತ ಮುಖ ಕಿವುಚುವವರಿಗೆ ಮೆಂತ್ಯದ ತಂಬುಳಿ ಮಾಡಿಸಿ, ಬೆಲ್ಲ ಮಾತ್ರ ಹಾಕಬೇಡಿ ಅನ್ನುತ್ತೇನೆ. ಥೈರಾಯ್ಡ್ ಮಾತ್ರೆ ನುಂಗಿ ಕೂಡಲೇ ಮೆಂತ್ಯ ಬೇಡ, ಗಂಟೆಗಳ ಅಂತರ ಬೇಕು. ವಾರ್ಫರಿನ್ ತಿನ್ನುವವರಿಗೆ ಕೊಡುವುದೇ ಇಲ್ಲ, ರಕ್ತ ಇನ್ನೂ ತೆಳುವಾದೀತು.

ಹೊನ್ನೆ ಎರಡನೆಯದು. ಚಕ್ಕೆ ತಂದ ಹಾಗೇ ಕುದಿಸಬೇಡಿ, ಮೊದಲು ತೋರಿಸಿ ಅನ್ನುತ್ತೇನೆ. ಸುರಹೊನ್ನೆ ಬೇರೆ ಮರ, ಹೆಸರು ಕೇಳಿ ಮೋಸ ಹೋದವರಿದ್ದಾರೆ. ಹೊನ್ನೆಯ ಚಕ್ಕೆಯನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ಚಹಾ ಬಣ್ಣದ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 97 ಜನರಿಗೆ ದಿನಕ್ಕೆ 2ರಿಂದ 4 ಗ್ರಾಂ ಹೊನ್ನೆಯ ಸಾರ ಕೊಟ್ಟಿದ್ದರು. 12 ವಾರಗಳಲ್ಲಿ 67 ಜನರಿಗೆ ಸಕ್ಕರೆ ಹತೋಟಿಗೆ ಬಂತು. ಇದನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಅವರೆಲ್ಲ ಹೊಸದಾಗಿ ಕಾಯಿಲೆ ಗೊತ್ತಾದವರು. ಇಪ್ಪತ್ತು ವರ್ಷದಿಂದ ಮಾತ್ರೆ ತಿನ್ನುತ್ತಿರುವ ಅಜ್ಜನಿಗೆ ಅದೇ ಫಲ ಬರುತ್ತದೆ ಅಂತ ಮಾತು ಕೊಡಲಾಗದು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಲು ಅಂತ ರಸ್ತೆ ಬದಿ ಮಾರುವ ಹೊನ್ನೆ ಲೋಟವೂ ಹಾಗೇ. ಕೆಲವು ವಾರ ಬಣ್ಣ ಬಿಡುತ್ತದೆ, ಆಮೇಲೆ ಅದು ಸುಮ್ನೆ ಮರದ ಲೋಟ.

ಮಧುನಾಶಿನಿ ಬಳ್ಳಿಯ ಸೊಪ್ಪು ಕೊಡುವಾಗ ಒಂದು ತಮಾಷೆ ಮಾಡಿಸುತ್ತೇನೆ. ಹಸಿ ಎಲೆ ಅಗಿದು ಉಗಿದು, ನಾಲಿಗೆ ಮೇಲೆ ಸಕ್ಕರೆಯ ನಾಲ್ಕು ಹರಳು ಇಟ್ಟರೆ ಮರಳು ತಿಂದ ಹಾಗಾಗುತ್ತದೆ. ಸಿಹಿ ಗೊತ್ತಾಗುವ ಜಾಗವನ್ನು ಅದರ ಜಿಮ್ನೆಮಿಕ್ ಆಮ್ಲ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಮುಚ್ಚಿಬಿಡುತ್ತದೆ. ಚೌತಿ ಹಬ್ಬದ ಪಂಚಕಜ್ಜಾಯದ ಮುಂದೆ ಮನಸ್ಸು ತಡೆಯದವರಿಗೆ ಇದು ದೊಡ್ಡ ಉಪಕಾರ. ಆದರೆ ಇದೂ ಸಕ್ಕರೆ ಇಳಿಸುವ ಸೊಪ್ಪೇ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜೊತೆ ಕೊಡುವಾಗ ಮೀಟರ್ ಕೈಯಲ್ಲಿರಬೇಕು.

ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಎಲೆ ತಿನ್ನುತ್ತೇನೆ, ಇನ್ನು ಇಂಜೆಕ್ಷನ್ ಬೇಡ ಅಂತ ನಿಲ್ಲಿಸಿ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ.

ಕೊಡದೇ ಇರುವ ಮದ್ದುಗಳೂ ಇವೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರಿಗೆ, ಅಂದರೆ ಮೂತ್ರಪಿಂಡ ಸೋತವರಿಗೆ, ಲೋಹದ ಭಸ್ಮ ಸೇರಿದ ಗುಳಿಗೆ ಬರೆಯುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ವಸಂತ ಕುಸುಮಾಕರ ಗುಳಿಗೆಯಲ್ಲಿ ನಾಗ ಭಸ್ಮ, ಅಂದರೆ ಸೀಸ ಇದೆ. ಅಮೃತಬಳ್ಳಿಯನ್ನು ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿ ಕುದಿಸಿದರು. ಮುಂಬೈ ವೈದ್ಯರು 2021ರಲ್ಲಿ ಅದನ್ನು ಕುಡಿದ ಕೆಲವರ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ಜಗಳದಲ್ಲಿ ಯಾರು ಗೆದ್ದರು ಅನ್ನುವುದಕ್ಕಿಂತ, ನನ್ನ ಅಜ್ಜಿಯರ ಲಿವರ್ ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಕೊಡುವುದಿಲ್ಲ ಅನ್ನುವುದು ನನ್ನ ಲೆಕ್ಕ. ಹಿತ್ತಲಿನ ಬಿಂಬುಳಿಯ ರಸವಂತೂ ಖಂಡಿತ ಬೇಡ. ಉಪ್ಪಿನಕಾಯಿಗೆ ಹಾಕಿ, ಸಾರಿಗೆ ಹಾಕಿ. ಲೋಟಗಟ್ಟಲೆ ರಸ ಕುಡಿದು ಆಕ್ಸಲೇಟ್ ತುಂಬಿ ಕಿಡ್ನಿ ನಿಂತ ಪ್ರಕರಣಗಳು ಕೇರಳದಿಂದ ವರದಿಯಾಗಿವೆ.

ಮಾತ್ರೆಯ ಡೋಸ್ ನಾನು ಮುಟ್ಟುವುದಿಲ್ಲ. ಚೀಟಿ ಬರೆದು ಕಳಿಸುತ್ತೇನೆ: ಇಂಥ ಮದ್ದು, ಇಷ್ಟು ಪ್ರಮಾಣ, ಇಂಥ ದಿನದಿಂದ, ಸಕ್ಕರೆಯ ಅಂಕಿಗಳು ಇವು. ಕೆಲವು ವೈದ್ಯರು ಚೀಟಿ ಓದದೆ ಮಡಚಿಡುತ್ತಾರೆ. ಶಿವಮೊಗ್ಗದ ಒಬ್ಬರು ಫೋನ್ ಮಾಡಿ ಹೊನ್ನೆಯ ಬಗ್ಗೆ ವಿಚಾರಿಸಿದರು. ಈಗ ನಾವಿಬ್ಬರೂ ರೋಗಿಗಳನ್ನು ಆ ಕಡೆ ಈ ಕಡೆ ಕಳಿಸುತ್ತೇವೆ.

ಮಳೆಗಾಲದಲ್ಲಿ ನಡಿಗೆ ನಿಂತು ಸಕ್ಕರೆ ಏರುವುದು ಇಲ್ಲಿ ಮಾಮೂಲು. ಮದ್ದು ಏರಿಸುವ ಮೊದಲು ಜಗಲಿಯಲ್ಲೇ ಊಟದ ನಂತರ ಹತ್ತು ನಿಮಿಷ ಆ ಕಡೆ ಈ ಕಡೆ ಓಡಾಡಿಸುತ್ತೇನೆ. ತೋಟಕ್ಕೆ ಹೋಗಿ ಬಂದವರ ಪಾದವನ್ನು ಮನೆಯವರು ನೋಡಲೇಬೇಕು. ಸ್ಪರ್ಶ ಕಡಿಮೆಯಾದ ಕಾಲಿಗೆ ಉಂಬಳ (ಜಿಗಣೆ) ಕಚ್ಚಿದ್ದು ಗೊತ್ತಾಗುವುದಿಲ್ಲ, ಒಳಗೆ ಬಂದ ಮೇಲೆ ನೆಲದ ಮೇಲಿನ ರಕ್ತ ನೋಡಿ ಸೊಸೆ ಕೂಗಬೇಕು. ಕೆರೆದು ಹುಣ್ಣಾದರೆ ಯಾವ ಲೇಪಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ.

ಜ್ವರ, ವಾಂತಿ, ಭೇದಿ ಬಂದ ದಿನ ನನ್ನ ಪುಡಿ, ಕಷಾಯ ಎಲ್ಲ ನಿಲ್ಲಿಸಿ, ಮಾತ್ರೆ ಏನು ಮಾಡಬೇಕು ಅಂತ ವೈದ್ಯರನ್ನು ಕೇಳಿ ಅನ್ನುತ್ತೇನೆ. ಇನ್ಸುಲಿನ್ ಅನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಕೊನೆಗೆ ಒಂದು ಡಬ್ಬ ಗ್ಲೂಕೋಸ್ ಪುಡಿ ಕೊಳ್ಳಲು ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಮನೆಗೆ ಇದ್ಯಾಕೆ ಅಂತ ನಗುತ್ತಾರೆ. ಬೆವರು, ತೊದಲು, ಮಂಕು ಕಂಡರೆ ಮೀಟರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ನಾಲ್ಕು ಚಮಚ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಅಡುಗೆಮನೆ ಸಕ್ಕರೆಯೂ ಆಗುತ್ತದೆ. ಆದರೆ ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತಿನ್ನುವವರಿಗೆ, ಅದೇ ರೀತಿ ಕೆಲಸ ಮಾಡುವ ಏಕನಾಯಕದ ಬೇರು ತಿನ್ನುವವರಿಗೆ ಗ್ಲೂಕೋಸೇ ಬೇಕು. ಇವು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ, ಹಾಗಾಗಿ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಸಿಗದ ಮನೆಗಳವರು ಯಾರ ಜೀಪು ಕರೆಯಬೇಕು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.