ಚೀಲ ಎಳೆದ ಗಡಿ: ಹಳೇ ಆಟಿಕೆಗಳಿಂದ ಶಿಲ್ಪ ಮಾಡಿದ ನನ್ನ ಅನುಭವ

ಮೊದಲು ನಾನು ಹೊಸ ಆಟಿಕೆಗಳನ್ನೇ ಕೊಂಡು ತಂದಿದ್ದೆ. ಹಸಿರು ಪ್ಲಾಸ್ಟಿಕ್ ಸೈನಿಕರು, ಎಂಟು ಪೊಟ್ಟಣ. ಗಡಿ ಕಾಯುವವರ ಹಾಗೆ ನೆಲದ ಮೇಲೆ ಸಾಲಾಗಿ ನಿಲ್ಲಿಸಿದೆ. ಎರಡು ದಿನ ನೋಡಿದರೂ ಮನಸ್ಸಿಗೆ ಏನೂ ತಾಗಲಿಲ್ಲ. ಯಾವ ಮಗುವೂ ಮುಟ್ಟಿರದ ಆಟಿಕೆಗಳು ಅವು. ಅಲ್ಲದೆ, ನಾವು ಕೊಂಡು ಕೊಂಡು ಮನೆ ತುಂಬಿಸಿಕೊಳ್ಳುವುದರ ಬಗ್ಗೆ ಕೆಲಸ ಮಾಡಲು ಇನ್ನಷ್ಟು ಕೊಳ್ಳುವುದು ಸರಿಯಲ್ಲ ಅಲ್ವಾ? ಎಲ್ಲವನ್ನೂ ಪೊಟ್ಟಣಕ್ಕೆ ವಾಪಸ್ ಹಾಕಿದೆ.

ಆಮೇಲೆ ಪರಿಚಯದವರನ್ನು ಕೇಳಿದೆ. ಮಕ್ಕಳು ಬೆಳೆದ ಮೇಲೆ ಮೂಲೆ ಸೇರಿದ ಆಟಿಕೆಗಳಿದ್ದರೆ ಕೊಡಿ, ಮುರಿದಿದ್ದರೂ ಆಯಿತು ಅಂತ. ಒಂಬತ್ತು ಮನೆಗಳಿಂದ ಚೀಲಗಳು ಬಂದವು. ಎಲ್ಲವನ್ನೂ ಒಂದೇ ರಾಶಿಗೆ ಸುರಿಯಬೇಕು ಅಂದುಕೊಂಡಿದ್ದೆ, ಆದರೆ ಸುಮ್ನೆ ಒಮ್ಮೆ ಎಣಿಸಿ ನೋಡೋಣ ಅಂತ ಕೂತೆ. ಒಂದು ಚೀಲದಲ್ಲಿ 340 ತುಂಡು, ಇನ್ನೊಂದರಲ್ಲಿ ಬರೀ 11. ಅಲ್ಲೇ ಕೆಲಸದ ನಿಯಮ ಸಿಕ್ಕಿತು. ಯಾವ ಮನೆಯ ಆಟಿಕೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟೇ ಆ ಮನೆಯ ನೆಲ. ಗಡಿ ಎಲ್ಲಿ ಬರಬೇಕು ಅನ್ನುವುದನ್ನು ಚೀಲವೇ ಹೇಳಲಿ.

ಬ್ರಿಟಿಷ್ ಶಿಲ್ಪಿ ಟೋನಿ ಕ್ರ್ಯಾಗ್ 1981ರಲ್ಲಿ ಮಾಡಿದ ಒಂದು ಕೃತಿ ಆಗ ತುಂಬಾ ನೆರವಾಯಿತು. ಬಿಸಾಕಿದ ಪ್ಲಾಸ್ಟಿಕ್ ಚೂರುಗಳನ್ನು ಗೋಡೆಗೆ ಜೋಡಿಸಿ ಮಾಡಿದ ಬ್ರಿಟನ್ನಿನ ನಕ್ಷೆ ಅದು, ಅಡ್ಡ ಮಲಗಿದೆ, ಪಕ್ಕದಲ್ಲಿ ಅದೇ ಥರದ ಚೂರುಗಳಿಂದ ಮಾಡಿದ ಒಬ್ಬ ಮನುಷ್ಯ ನಿಂತು ನೋಡುತ್ತಿದ್ದಾನೆ. ಅಲ್ಲಿ ತೀರ ಅಂತ ಗೆರೆ ಎಳೆದಿಲ್ಲ, ವಸ್ತುಗಳು ಮುಗಿದಲ್ಲಿ ದೇಶ ಮುಗಿಯುತ್ತದೆ. ಅದು ಹೊಳೆದ ದಿನ ಆಟಿಕೆ ಜೋಡಿಸುವ ಹಲಗೆಯ ಮೇಲೆ ಗಡಿ ಅಂತ ನಾನು ಎಳೆದಿದ್ದ ಸೀಮೆಸುಣ್ಣದ ಗೆರೆಗಳನ್ನೆಲ್ಲ ಒರೆಸಿಬಿಟ್ಟೆ. ಬಣ್ಣದ ಪ್ರಕಾರವೂ ಜೋಡಿಸಿ ನೋಡಿದ್ದೆ. ಚೆಂದ ಕಂಡಿತು, ಆದರೆ ಆ ಚೆಂದದಲ್ಲಿ ಯಾರದ್ದು ಎಷ್ಟು ಅನ್ನುವುದೇ ಮರೆಯಾಯಿತು. ಬಿಟ್ಟೆ.

ಇನ್ನು ಅಂಟಿಸುವ ಕಷ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಶುರು ಮಾಡುವವರು ಜಾಸ್ತಿ ಸೋಲುವುದು ಇಲ್ಲೇ. ಆಟಿಕೆಗಳೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಒಂದು ಬಕೆಟ್ ನೀರು ಇಟ್ಟುಕೊಳ್ಳಿ, ಪೊಳ್ಳಾಗಿದ್ದರೆ ಕತ್ತರಿಸಿ ಚೂರು ಹಾಕಿ. ತೇಲಿದರೆ ಹೆಚ್ಚಾಗಿ ಪಾಲಿಥಿಲೀನ್ ಇಲ್ಲವೇ ಪಾಲಿಪ್ರೊಪಿಲೀನ್. ಮುಳುಗಿದರೆ ಎಬಿಎಸ್, ಪಾಲಿಸ್ಟೈರೀನ್ ಅಥವಾ ಪಿವಿಸಿ ಇರಬಹುದು. ತೇಲುವ ಜಾತಿಗೆ ಮಾಮೂಲಿ ಅಂಟು ಹಿಡಿಯುವುದೇ ಇಲ್ಲ. ಚೀಲಗಳಲ್ಲಿ ಬಂದಿದ್ದ ಮೆತ್ತಗಿನ ಸೈನಿಕರು ಈ ಜಾತಿಯವರು. ಸೂಪರ್ ಗ್ಲೂ ಹಾಕಿ ಅವರನ್ನು ನಿಲ್ಲಿಸಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಬಿದ್ದಿದ್ದರು. ಕೊನೆಗೆ ಸಣ್ಣ ತೂತು ಕೊರೆದು ತಂತಿಯಿಂದ ಹಲಗೆಗೆ ಕಟ್ಟಿದೆ. ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗೆ ಅಸಿಟೋನ್ ಅನ್ನುವ ದ್ರಾವಕ ಸಾಕು, ಅಂಚು ಕರಗಿ ಕೂಡಿಕೊಳ್ಳುತ್ತದೆ. ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು.

ಬಕೆಟ್‌ನಲ್ಲಿ ಒಂದು ಹಳದಿ ಬಾತುಕೋಳಿಯೂ ತೇಲುತ್ತಿತ್ತು. 1992ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕಕ್ಕೆ ಹೊರಟಿದ್ದ ಹಡಗಿನಿಂದ ಪೆಸಿಫಿಕ್ ಸಾಗರಕ್ಕೆ ಬಿದ್ದ 28 ಸಾವಿರಕ್ಕೂ ಹೆಚ್ಚು ಸ್ನಾನದ ಆಟಿಕೆಗಳು ನೆನಪಾದವು. ಬಾತು, ಆಮೆ, ಕಪ್ಪೆ, ಬೀವರ್. ಅದೇ ನವೆಂಬರ್‌ನಲ್ಲಿ ಕೆಲವು ಅಲಾಸ್ಕಾದ ತೀರ ಸೇರಿದವು. ಆ ಬಾತುಕೋಳಿಯನ್ನು ಮಾತ್ರ ನಾನು ಕಟ್ಟಲಿಲ್ಲ. ಹಲಗೆಯ ಮೇಲೆ ಯಾರ ನೆಲದಲ್ಲಾದರೂ ಇರಲಿ ಅಂತ ಬಿಟ್ಟೆ. ನೋಡಲು ಬಂದವರು ಅದನ್ನು ಎತ್ತಿ ಬೇರೆ ಕಡೆ ಇಡುತ್ತಾರೆ, ಬೇಡ ಅನ್ನುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೊಂಬೆಯ ಕೈ. ಮೆತ್ತಗಿನ ಪಿವಿಸಿ. ಪಕ್ಕದ ಮನೆಯ ಪಾಲಿನಲ್ಲಿದ್ದ ಆಟಿಕೆ ಕಾರಿನ ಪಾರದರ್ಶಕ ಪಾಲಿಸ್ಟೈರೀನ್ ಗಾಜಿಗೆ ಅದು ಒರಗಿತ್ತು. ಕೆಲವು ತಿಂಗಳ ನಂತರ ಎತ್ತಿದರೆ ಗಾಜು ಮಂಕಾಗಿ ಅಂಟಂಟಾಗಿತ್ತು, ಬೆರಳುಗಳ ಅಚ್ಚು ಒಳಗೆ ಇಳಿದಿತ್ತು. ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸುವ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಬಂದು ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಮೊದಲು ಬೇಜಾರಾಯಿತು, ಒಳ್ಳೇ ಕಾರು ಹಾಳಾಯಿತಲ್ಲ ಅಂತ. ಆಮೇಲೆ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತೆ. ಸೈನಿಕರನ್ನು ಸಾಲಾಗಿ ನಿಲ್ಲಿಸಿ ನಾನು ಹೇಳಲಾರದೆ ಹೋದದ್ದು ಅಲ್ಲಿ ತಾನಾಗಿಯೇ ನಡೆದಿತ್ತು. ಯಾರೂ ತಳ್ಳಿರಲಿಲ್ಲ, ಒಂದು ಇನ್ನೊಂದರ ನೆಲ ತಿಂದಿತ್ತು.

ಈಗ ಎಂಟು ಗಡಿಗಳಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಒಂಬತ್ತನೆಯದರಲ್ಲಿ ಬಿಟ್ಟಿಲ್ಲ. ಅದು 340 ತುಂಡಿನ ಮನೆಗೂ 11 ತುಂಡಿನ ಮನೆಗೂ ನಡುವಿನ ಗಡಿ. ಗೊಂಬೆಯನ್ನು ಮತ್ತೆ ಅದೇ ಕಾರಿಗೆ ಒರಗಿಸಿದ್ದೇನೆ. ತಿಂಗಳಿಗೊಮ್ಮೆ ಕೈಯನ್ನು ಮೆಲ್ಲಗೆ ಎತ್ತಿ, ಅಚ್ಚು ಎಷ್ಟು ಆಳಕ್ಕೆ ಇಳಿದಿದೆ ಅಂತ ಒಂದು ಫೋಟೋ ತೆಗೆದು, ಮತ್ತೆ ಅಲ್ಲೇ ಇಡುತ್ತೇನೆ.